ಹೆಸ್ಟರ್‌ಗೊಂದು ಜಾಗ

ಹಾರ್ಲೆಮ್ ಊರಿನ ಚಿತ್ರಕಾರರಲ್ಲಿ ಕಾಡು ಬರೆಯುವವರು ಬೇರೆ, ಆ ಕಾಡಿಗೆ ಜನ ಹಾಕುವವರು ಬೇರೆ. ಟೀಮನ್ ಒಂದು ಓಕ್ ಮರದ ಬೇರು ಬರೆದನೆಂದರೆ ಅದು ನೆಲದಿಂದ ನೀರು ಹೀರುವ ಸದ್ದು ಕೇಳಿಸಬೇಕು, ಹಾಗೆ. ಆದರೆ ಅದೇ ಮರದ ಕೆಳಗೆ ಒಬ್ಬ ದನಗಾಹಿಯನ್ನು ನಿಲ್ಲಿಸಪ್ಪಾ ಎಂದರೆ ಸೌತೆಕಾಯಿಗೆ ಟೋಪಿ ಹಾಕಿ ನಿಲ್ಲಿಸುತ್ತಿದ್ದ. ಹಾಗಾಗಿ ಹರೆಯದಿಂದಲೂ ಅವನ ಕಾಡುಗಳಿಗೆ ಜನ ಹಾಕುತ್ತ ಬಂದವನು ಹಿಂದಿನ ಬೀದಿಯ ಕ್ರೇಲಿಸ್. ಇದರಲ್ಲಿ ಇಬ್ಬರಿಗೂ ನಾಚಿಕೆಯೇನೂ ಇರಲಿಲ್ಲ. ಊರಿನ ಅರ್ಧ ಚಿತ್ರಗಳು ಹೀಗೆಯೇ ಎರಡು ಕೈ ದಾಟಿ ಗೋಡೆ ಸೇರುತ್ತಿದ್ದವು.

ಕ್ರೇಲಿಸ್ ಬರೆಯುವ ಜನ ಹೆಬ್ಬೆರಳಿನ ಉಗುರಿನಷ್ಟು. ಮುಖ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ; ಬೆನ್ನೇ ಹೆಚ್ಚು. ಆದರೂ ನೋಡಿದವರು, "ಅಯ್ಯೋ, ಇವ್ನು ನಮ್ಮ ಬಿಯರ್ ಭಟ್ಟಿ ಯಜಮಾನ ಅಲ್ವೇನ್ರೀ!" ಅನ್ನುತ್ತಿದ್ದರು. ಯಾಕೆಂದರೆ ಅವನು ಯಾರನ್ನೇ ಆಗಲಿ ಮೊದಲು ತನ್ನ ಮೈಮೇಲೆ ಬರಿಸಿಕೊಂಡು ಆಮೇಲೆ ಕುಂಚಕ್ಕೆ ಇಳಿಸುವವನು. ಒಮ್ಮೆ ಚರ್ಚಿನ ಹಿಂದಿನ ಬೆಂಚಿನಲ್ಲಿ ಕೂತು ಪಾದ್ರಿಯವರ ಕೆಮ್ಮನ್ನು ಕೆಮ್ಮಿದಾಗ, ಪಾದ್ರಿಯವರು ಕೆಮ್ಮಿದ್ದು ತಾವೇ ಎಂದುಕೊಂಡು ನೀರು ತರಿಸಿ ಕುಡಿದಿದ್ದರು.

ಆ ಶರತ್ಕಾಲದಲ್ಲಿ ಟೀಮನ್ ಅವನನ್ನು ಮನೆಗೆ ಕರೆಸಿಕೊಂಡ. ಕಿಟಕಿಯ ಬೆಳಕಿನಲ್ಲಿ ಹೊಸ ಕಾಡೊಂದು ನಿಂತಿತ್ತು. ಕೊಳದ ಮೇಲೆ ಬಾಗಿದ ದೊಡ್ಡ ಓಕ್, ಬಿದ್ದ ಬರ್ಚ್ ಮರದ ಬಿಳಿ ಕಾಂಡ, ಮರಗಳ ನಡುವೆ ನುಗ್ಗಿ ಹೋಗುವ ಮರಳು ದಾರಿ, ಅದರ ಕೊನೆಯಲ್ಲಿ ಚೂರೇ ಚೂರು ಹಳದಿ ಬೆಳಕು. ಕ್ರೇಲಿಸ್ ತಮಾಷೆಗೆಂದು ಬಾಯಿ ತೆರೆದವನು ಹಾಗೇ ಮುಚ್ಚಿದ. ಗೆಳೆಯ ಇಷ್ಟು ಚೆನ್ನಾಗಿ ಎಂದೂ ಬರೆದಿರಲಿಲ್ಲ.

"ಯಾರನ್ನ ಹಾಕ್ಲಿ? ಬೇಟೆಗಾರ? ದನ ಹೊಡ್ಕೊಂಡು ಹೋಗೋನು?" ಎಂದ.

"ಹೆಸ್ಟರ್‌ನ ಹಾಕು."

ಟೀಮನ್‌ನ ಹೆಂಡತಿ ಹೆಸ್ಟರ್ ವಸಂತದಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ಚಿತ್ರಕಾರನ ಮನೆ, ಆದರೂ ಅವಳದೊಂದು ಚಿತ್ರ ಇರಲಿಲ್ಲ. ಮನುಷ್ಯರನ್ನು ಬರೆಯಲಾರದವನು ಹೆಂಡತಿಯನ್ನು ಬರೆದಾನು ಹೇಗೆ?

"ದೊಡ್ಡದಾಗಿ ಬೇಡ ಕಣೋ. ಮುಖಾನೂ ಬೇಡ. ನನ್ ಕಾಡಲ್ಲಿ ಎಲ್ಲಾದ್ರೂ ಇರ್ಲಿ, ಅಷ್ಟೇ. ನೋಡಿದ್ರೆ ನನಗೆ ಗೊತ್ತಾಗ್ಬೇಕು. ಇದನ್ನ ನಾನು ಮಾರಲ್ಲ."

ಕ್ರೇಲಿಸ್ ಕೋಟು ಬಿಚ್ಚಿ, ಕೋಣೆಯ ಈ ತುದಿಯಿಂದ ಆ ತುದಿಗೆ ಹೆಸ್ಟರಳಾಗಿ ನಡೆದ. ಎಡ ಹೆಗಲು ಕೊಂಚ ಇಳಿದು, ಬಲಗೈ ದೂರಕ್ಕೆ ಬೀಸಿ, ಹೆಜ್ಜೆ ಚಿಕ್ಕದಾಗಿ, ಚುರುಕಾಗಿ. ಒಲೆಗೆ ಇಂಧನ ಹಾಕಲು ಬಂದ ಗ್ರೀಟ್, ಅಂದರೆ ಹೆಸ್ಟರಳ ತಂಗಿ, ಈಗ ಭಾವನ ಮನೆ ನೋಡಿಕೊಳ್ಳುತ್ತಿರುವವಳು, ಬಾಗಿಲಲ್ಲೇ ನಿಂತುಬಿಟ್ಟಳು.

"ಅಯ್ಯೋ ಕ್ರೇಲಿಸಣ್ಣ, ಮೂರು ದಿನ ಕ್ಷೌರ ಮಾಡಿಲ್ಲ ನೀವು, ಆದ್ರೂ ನಮ್ಮಕ್ಕನೇ!" ಎಂದು ನಕ್ಕು, ನಗುತ್ತಲೇ ಕಣ್ಣೊರೆಸಿಕೊಂಡಳು.

ಟೀಮನ್ ಮಾತ್ರ ಹುಬ್ಬು ಗಂಟಿಕ್ಕಿ ನೋಡುತ್ತಿದ್ದ. "ಅವಳ ಹೆಗಲು ಹಾಗೆ ವಾಲಿತ್ತಾ?"

"ನಿಮ್ಮ ಹಿಂದೆ ಕಾಡಿಗೆ ಬಣ್ಣದ ಪೆಟ್ಟಿಗೆ ಹೊತ್ತೂ ಹೊತ್ತೂ ವಾಲಿದ್ದು ಭಾವ," ಎಂದಳು ಗ್ರೀಟ್.

ಕ್ರೇಲಿಸ್ ಬರೆದ. ಮರಳು ದಾರಿಯ ಮೇಲೆ ಬಿಳಿ ಟೋಪಿ, ಕಂದು ಲಂಗ, ಬೀಸಿದ ಬಲಗೈ. ಗ್ರೀಟ್ ಬಗ್ಗಿ ನೋಡಿ, "ಬೆನ್ನು ತಟ್ಟಿದ್ರೆ ತಿರುಗ್ತಾಳೆ," ಎಂದಳು. ಟೀಮನ್ ಹತ್ತಿರ ಬಂದು ನೋಡಿದ, ದೂರ ಹೋಗಿ ನೋಡಿದ. ಅಲ್ಲವೆಂದು ತಲೆಯಾಡಿಸಿದ.

"ಯಾರೋ ಹೆಂಗಸು ಸಂತೆಗೆ ಹೋಗ್ತಿದ್ದಾಳೆ."

ಕಾಡು ಒಣಗಿತ್ತು, ಹೆಸ್ಟರ್ ಹಸಿಯಾಗಿದ್ದಳು. ಕ್ರೇಲಿಸ್ ಚಿಂದಿ ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಒರೆಸಿದ. ದಾರಿ ಮತ್ತೆ ಬರಿದಾಯಿತು. ಮರುದಿನ ಅವಳನ್ನು ಬರ್ಚ್ ಕಾಂಡದ ಮೇಲೆ ಕೂರಿಸಿದ. ಷೂಗೆ ಸೇರಿದ ಮರಳನ್ನು ಕೊಡವುವಂತೆ ಮಾಡಿದ. ಕೊಳದ ಅಂಚಿನಲ್ಲಿ ಲಂಗ ಎತ್ತಿ ಹಿಡಿದು ಕೆಸರು ದಾಟಿಸಿದ. ಪ್ರತಿ ಸಲವೂ ಗ್ರೀಟಳಿಗೆ ಅವಳು ಅಕ್ಕ, ಟೀಮನ್‌ಗೆ ಅವಳು ಯಾರೋ ಹೆಂಗಸು.

ಕೊನೆಗೆ ಟೀಮನ್ ಬಣ್ಣದ ಮೇಜಿಗೆ ಒರಗಿ ನಿಂತು ಮೆಲ್ಲಗೆ ಹೇಳಿದ, "ನಿನಗೆ ಗೊತ್ತಾಗತ್ತೆ. ಗ್ರೀಟ್‌ಗೆ ಗೊತ್ತಾಗತ್ತೆ. ದಾರೀಲಿ ಹೋಗೋ ಹಾಲಿನವಳನ್ನ ಕರೆದು ಕೇಳಿದ್ರೂ ಅವಳಿಗೂ ಗೊತ್ತಾಗತ್ತೇನೋ. ನಾನು ಅವಳನ್ನ ನೋಡೇ ಇಲ್ಲ ಅಲ್ವೇನೋ? ಇಷ್ಟು ವರ್ಷ ಜೊತೇಲಿ ತಿರುಗಿ?"

ಮರ ನೋಡುತ್ತ ಮರೆತೆ ಎಂಬ ಮಾತು ಕ್ರೇಲಿಸನ ನಾಲಗೆಯ ತುದಿಗೇ ಬಂದಿತ್ತು. ಅವನು ಅದನ್ನು ನುಂಗಿಕೊಂಡ. ಅಂಥ ಚಟಾಕಿಯೊಂದನ್ನು ಅವನು ನುಂಗಿದ್ದನ್ನು ಕಂಡವರು ಊರಲ್ಲಿಲ್ಲ.

"ನಾಳೆ ಆ ಕಾಡಿಗೇ ಹೋಗೋಣ ನಡಿ," ಎಂದ. "ಅಲ್ಲಿ ಅವಳು ಎಲ್ಲಿ ನಿಲ್ತಿದ್ಲು, ಎಲ್ಲಿ ಕೂರ್ತಿದ್ಲು, ತೋರಿಸು."

ಬಟ್ಟೆ ಬಿಳುಪಾಗಲು ಹಾಸಿದ್ದ ಬಯಲುಗಳನ್ನು ದಾಟಿ, ಮರಳುದಿಬ್ಬಗಳ ಬದಿಯ ಆ ಕಾಡಿಗೆ ಇಬ್ಬರೂ ಹೋದರು. ಪೆಟ್ಟಿಗೆ ಕ್ರೇಲಿಸನ ಎಡ ಹೆಗಲಿಗೇ ಬಿತ್ತು. ಅರ್ಧ ದಾರಿಯಲ್ಲೇ ಹೆಸ್ಟರಳ ಹೆಗಲಿನ ಮೇಲೆ ಅವನಿಗೆ ಹೊಸ ಗೌರವ ಹುಟ್ಟಿತು.

ಓಕ್ ಮರ ಅಲ್ಲೇ ಇತ್ತು. ಟೀಮನ್ ತೋರಿಸಲೆಂದು ಬಂದವನು. ಆದರೆ ಕೊಂಬೆಯೊಂದರ ಮೇಲೆ ಬೆಳಕು ಬಿದ್ದದ್ದೇ ತಡ, ಮಡಿಸುವ ಕುರ್ಚಿ ಬಿಡಿಸಿ ಕೂತ, ಸೀಮೆಸುಣ್ಣ ತೆಗೆದ, ಮುಗಿಯಿತು. ಬಂದ ಕೆಲಸವೂ ಇಲ್ಲ, ಬಂದ ಗೆಳೆಯನೂ ಇಲ್ಲ. ಕ್ರೇಲಿಸ್ ಹಿಂದೆ ನಿಂತ. ಹುಲ್ಲು ಒದ್ದೆ, ಕೂರಲು ಒಂದೇ ಕುರ್ಚಿ. ಚಿಲುಮೆ ಸೇದಿ ಮುಗಿಸಿದ. ತಂದಿದ್ದ ರೈ ರೊಟ್ಟಿ, ಗಿಣ್ಣು ತಿಂದು ಮುಗಿಸಿದ. ಟೀಮನ್‌ನ ಪಾಲನ್ನೂ ತಿಂದ. ಟೀಮನ್ ತಿರುಗಿ ನೋಡಲಿಲ್ಲ. ಕಾಲು ಜೋಮು ಹಿಡಿಯಿತು. ಬೇಸರವಾದಾಗ ಯಾರನ್ನಾದರೂ ಅಣಕಿಸುವುದು ಅವನ ಹಳೆಯ ಚಾಳಿ; ಯೋಚನೆಯೇ ಮಾಡದೆ, ಗಂಟಲನ್ನು ತುಸು ಬಿಗಿಮಾಡಿ, ಹೆಸ್ಟರಳ ದನಿಯಲ್ಲಿ ಅಂದ:

"ಏನ್ರೀ, ಮುಗೀತಾ? ನಿಮ್ ಮರ ಇಲ್ಲೇ ಬೇರು ಬಿಟ್ಕೊಂಡಿದೆ ಅಂತ ನಾನೂ ಬಿಡ್ಬೇಕಾ?"

"ಇನ್ನೊಂದೇ ಕೊಂಬೆ ಕಣೇ," ಎಂದ ಟೀಮನ್. ತಲೆ ಎತ್ತಲಿಲ್ಲ, ಕೈ ನಿಲ್ಲಿಸಲಿಲ್ಲ. ದನಿಯಲ್ಲಿ ದಿನನಿತ್ಯದ ಉದಾಸೀನ, ದಿನನಿತ್ಯದ ಸಮಾಧಾನ.

ಸೀಮೆಸುಣ್ಣ ಕಾಗದದ ಮೇಲೆ ಇನ್ನೆರಡು ಗೆರೆ ಓಡಿತು. ಆಮೇಲೆ ನಿಂತಿತು.

ಕ್ರೇಲಿಸ್‌ಗೆ ಕ್ಷಮೆ ಕೇಳಬೇಕೆನಿಸಿತು. ಟೀಮನ್ ಬೆನ್ನು ತಿರುಗಿಸಿಕೊಂಡೇ, "ಇನ್ನೊಂದ್ಸಲ ಅನ್ನು," ಎಂದ.

"ಬೇಡ ಬಿಡೋ."

"ಅವಳ ದನಿ ನೀನು ನಿಂತಿರೋ ಕಡೆಯಿಂದ್ಲೇ ಬರ್ತಿತ್ತು. ಸರಿಯಾಗಿ ಅಲ್ಲಿಂದ್ಲೇ."

ಕ್ರೇಲಿಸ್ ತನ್ನ ಕಾಲಡಿಯ ಒದ್ದೆ ಹುಲ್ಲನ್ನು ನೋಡಿದ. ಎದುರಿಗೆ ಗೆಳೆಯನ ಬೆನ್ನು ನೋಡಿದ. ಅದರಾಚೆ ಮರ, ಕೊಳ, ದಾರಿ. ಆ ನೋಟವನ್ನು ತುಂಬ ಹೊತ್ತು ನೋಡಿದ. ಮನೆಗೆ ಹಿಂದಿರುಗುವಾಗ ಅವನು ಯಾರನ್ನೂ ಅಣಕಿಸಲಿಲ್ಲ.

ಮರುದಿನ ಬೆಳಿಗ್ಗೆ ಅವನು ಟೀಮನ್‌ನನ್ನು ಅವನದೇ ಕೋಣೆಯಿಂದ ಹೊರಗೆ ಕಳಿಸಿದ. "ಮಧ್ಯಾಹ್ನ ಬಾ. ಬಿಯರ್ ಕುಡಿ, ಬಾತುಕೋಳಿ ಎಣಿಸು, ಏನಾದ್ರೂ ಮಾಡ್ಕೊ." ಗ್ರೀಟ್ ನಡುವೆ ಒಮ್ಮೆ ಇಣುಕಿ, ಸೆರಗಿನಂತೆ ಏಪ್ರನ್ನಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಓಡಿದಳು. ಅಡುಗೆಮನೆಯಿಂದ ನಗುವೋ ಮತ್ತೇನೋ ಕೇಳಿಸುತ್ತಿತ್ತು.

ಟೀಮನ್ ಬಂದ. ದಾರಿಯ ಮೇಲೆ ಹೆಸ್ಟರ್ ಇರಲಿಲ್ಲ. ಬರ್ಚ್ ಕಾಂಡದ ಮೇಲೂ ಇರಲಿಲ್ಲ, ಕೊಳದ ಬಳಿಯೂ ಇರಲಿಲ್ಲ. ಚಿತ್ರದ ಮುಂಭಾಗದಲ್ಲಿ, ಓಕ್ ಮರದ ಎದುರು, ಮಡಿಸುವ ಕುರ್ಚಿಯ ಮೇಲೆ ಒಬ್ಬ ಗಂಡಸು ಬೆನ್ನು ಹಾಕಿ ಕೂತಿದ್ದ. ತೊಡೆಯ ಮೇಲೆ ಕಾಗದ.

"ಹೆಸ್ಟರ್ ಎಲ್ಲೋ? ಇದ್ಯಾವನೋ ಮುದುಕ, ಕತ್ತೇ ಇಲ್ಲ ಇವನಿಗೆ! ಮೂಟೆಗೆ ಟೋಪಿ ಹಾಕ್ದಂಗಿದಾನೆ. ನನಗಿಂತ ಕೆಟ್ಟದಾಗಿ ಬರೆಯೋಕೆ ಯಾವಾಗ ಕಲಿತೆ?"

"ಭಾವ, ಅದು ನೀವೇ," ಎಂದಳು ಗ್ರೀಟ್.

ಟೀಮನ್ ತನ್ನ ಕತ್ತನ್ನು ಮುಟ್ಟಿ ನೋಡಿಕೊಂಡ. "ನಾನಾ? ಹೀಗಾ?"

"ನಿನ್ನ ಬೆನ್ನು ನೀನೆಲ್ಲಿ ನೋಡಿದೀಯ ಬಿಡು," ಎಂದ ಕ್ರೇಲಿಸ್. ಎರಡೂ ತೋಳು ಹಿಡಿದು ಅವನನ್ನು ಹಿಂದಕ್ಕೆ ಸರಿಸಿದ, ಇನ್ನೂ ಸ್ವಲ್ಪ, ಕೋಣೆಯ ನಡುವೆ ಒಂದು ಕಡೆ ನಿಲ್ಲಿಸಿದ. "ಇಲ್ಲಿಂದ ನೋಡು. ಅವಳು ನಿಲ್ತಿದ್ದ ಜಾಗ ಇದು. ನೀನು ಅವಳನ್ನ ನೋಡಿಲ್ಲ, ಹೋಗ್ಲಿ. ಅವಳು ನೋಡ್ತಿದ್ದಿದ್ದನ್ನಾದ್ರೂ ನೋಡು."

ಟೀಮನ್ ನೋಡಿದ. ತಾನೇ ಬರೆದ ಮರಗಳನ್ನು ಅವನು ಆಗ ನೋಡಲಿಲ್ಲ. ಅವುಗಳ ಮುಂದೆ ಗೂನಾಗಿ ಕೂತ, ತಿರುಗದ ಆ ಮನುಷ್ಯನನ್ನೇ ನೋಡಿದ. ತಿರುಗುತ್ತಾನೇನೋ ಎಂದು ಕಾಯುವವನ ಹಾಗೆ ನೋಡಿದ. ಬೀದಿಯಲ್ಲಿ ಗಾಡಿಯೊಂದು ಹೋಯಿತು. ಗ್ರೀಟ್ ಒಲೆ ಕೆದಕಿದಳು.

ಟೀಮನ್ ಕೇಳಿದ: "ಎಷ್ಟೊತ್ತು ನಿಂತಿರ್ತಿದ್ಲು?"

"ನೀವು ಏಳೋವರೆಗೂ," ಎಂದಳು ಗ್ರೀಟ್. "ಆಮೇಲೆ ನಮ್ಮನೆಗೆ ಬಂದು ಬಿಸಿನೀರಲ್ಲಿ ಕಾಲಿಟ್ಕೊಂಡು ನಿಮ್ಮನ್ನ ಬೈತಿದ್ಲು."

"ಏನಂತ?"

"ಅದನ್ನ ಎಲ್ಲಿಂದ ಶುರು ಮಾಡ್ಲಿ ಭಾವ? ಕೂತ್ಕೊಳ್ಳಿ, ಬೇಗ ಮುಗಿಯೋದಲ್ಲ ಅದು." ಅವಳು ಕುರ್ಚಿ ಎಳೆದು ತಂದಳು.

ಟೀಮನ್ ಕುರ್ಚಿಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ನಿಂತೇ ಕೇಳ್ತೀನಿ," ಎಂದ. "ಹೇಳು."