ತಪ್ಪಾದರೆ ಏನಾಗುತ್ತೆ ಎಂದು ಹೇಳುವ ಪುಸ್ತಕ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ, ಓದುಗರೇ? ಲೈಬ್ರರಿಯಿಂದ ಶುರು ಮಾಡಿದರೆ ಪುಸ್ತಕಗಳು ಮೊದಲು ಬರುತ್ತವೆ, ಮನುಷ್ಯರು ಆಮೇಲೆ. ಆಸ್ಪತ್ರೆಯಿಂದ ಶುರು ಮಾಡಿದರೆ ಯಾರೋ ಸಾಯುತ್ತಾರೆಂದು ನೀವು ಕಾಯುತ್ತಾ ಕೂರುತ್ತೀರಿ. (ಯಾರೂ ಸಾಯುವುದಿಲ್ಲ. ಹೇಳಿಬಿಟ್ಟೆ. ಸಸ್ಪೆನ್ಸ್ ಹೋಯಿತು.) ಮೊದಲ ಡ್ರಾಫ್ಟನ್ನು "ಇದು ಕಂಪ್ಯೂಟರ್ ಯುಗ" ಎಂದು ಆರಂಭಿಸಿದ್ದೆ. ನನಗೇ ಆಕಳಿಕೆ ಬಂತು, ಬಿಟ್ಟೆ.

ಜಗಳದಿಂದಲೇ ಶುರು ಮಾಡುತ್ತೇನೆ.

2

ನನ್ನ ಕಥೆಯ ಹೆಡ್ ನರ್ಸಿಗೆ ಐವತ್ತೊಂದು ವರ್ಷ. ವಾರ್ಡಿನ ಎಂಟು ನರ್ಸುಗಳ ಡ್ಯೂಟಿ ಪಟ್ಟಿ ಬರೆಯುವುದು ಅವರೇ. ಆ ಎಂಟು ಜನರಲ್ಲಿ ಒಬ್ಬಳ ಜೊತೆ ಅವರಿಗೆ ತಂಗಿಯಷ್ಟು ಸಲಿಗೆ. ಹನ್ನೆರಡು ವರ್ಷದಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಊಟ ಮಾಡಿದವರು. ಒಂದು ದಿನ ಆ ತಂಗಿ, ಬಟ್ಟೆ ಬದಲಿಸುವ ಕೋಣೆಯಲ್ಲಿ, ಎಲ್ಲರ ಎದುರಿಗೇ ಕೇಳಿಬಿಟ್ಟಳು:

"ಅಕ್ಕಾ, ಭಾನುವಾರ ಅಂದ್ರೆ ನನ್ನ ಹೆಸರೇ ಯಾಕೆ ನಿಮ್ಮ ಪೆನ್ನಿಗೆ ಸಿಗೋದು?"

"ಎಲ್ರಿಗೂ ಒಂದೇ ಥರ ಹಾಕ್ತೀನಿ ಕಣೇ."

"ಹೂಂ, ಗೊತ್ತಾಗ್ತಾ ಇದೆ."

ಮರುದಿನದಿಂದ ಅವಳು ಕಿಟಕಿ ಹತ್ತಿರ ಒಬ್ಬಳೇ ಕೂತು ಉಣ್ಣತೊಡಗಿದಳು. ಅಕ್ಕ ಬೆಂಚಿನಲ್ಲಿ ಅವಳ ಜಾಗ ಖಾಲಿ ಬಿಟ್ಟೇ ಕೂರುತ್ತಿದ್ದರು. ತನ್ನ ಕೈ ತಾಗದೆ ತಾನೇ ತಯಾರಾಗುವ ಪಟ್ಟಿ ಬೇಕು ಎಂದು ಅವರು ತೀರ್ಮಾನಿಸಿದರು. ಅದಕ್ಕೆ ಪ್ರೋಗ್ರಾಮ್ ಬರೆಯಬೇಕಂತೆ. ಸರಿ, ಕಲಿತರಾಯಿತು.

(ಇಲ್ಲಿ ನಾನು ಅಡ್ಡ ಬಾಯಿ ಹಾಕಿದೆ: "ಯಾರಿಗಾದರೂ ಹೇಳಿ ಮಾಡಿಸಬಹುದಲ್ಲ?" ಅವರು ಕಾಗದದೊಳಗಿಂದಲೇ ನನ್ನನ್ನು ದಿಟ್ಟಿಸಿದರು. "ಏನ್ರೀ ಕಥೆಗಾರರೇ, ನಿಮ್ಮ ಕಥೆನ ಬೇರೆಯವರ ಹತ್ರ ಬರೆಸ್ತೀರಾ?")

3

ಈಗ ಲೈಬ್ರರಿ. ಹೊಸಬರಿಗೆ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕಗಳು ಅಲ್ಲಿ ಮೂರಿದ್ದವು. ಒಂದು ದಿಂಬಿನಷ್ಟು ದಪ್ಪ. ಇನ್ನೊಂದರ ಮುಖಪುಟದಲ್ಲಿ ನಗುವ ರೋಬೋಟು, "ಏಳೇ ದಿನದಲ್ಲಿ ಕಲಿಯಿರಿ" ಎಂಬ ಭರವಸೆ. ಮೂರನೆಯದು ತೆಳ್ಳಗೆ, ಬೂದು ಬಣ್ಣದ್ದು, ನೋಡಲು ಏನೂ ಇಲ್ಲ.

ಲೈಬ್ರರಿಯನ್ ಕನ್ನಡಕ ಹಣೆಗೇರಿಸಿದರು. "ನನಗೆ ಪ್ರೋಗ್ರಾಮಿಂಗ್‌ನ ಗಂಧಗಾಳಿ ಇಲ್ಲ ಸಿಸ್ಟರ್. ಆದ್ರೆ ಪುಟದ ಅಂಚು ನೋಡಿ. ಕೊಳೆ ಎಲ್ಲಿಗೆ ನಿಲ್ಲುತ್ತೋ, ಓದೋರು ಅಲ್ಲಿಗೇ ನಿಂತಿರ್ತಾರೆ."

ದಿಂಬಿನಂಥದ್ದು ಮೂವತ್ತೆಂಟನೇ ಪುಟದವರೆಗೆ ಕಪ್ಪಾಗಿತ್ತು, ಅಲ್ಲಿಂದಾಚೆ ಹಾಲಿನಂತೆ ಬಿಳುಪು. ಏಳು ದಿನದ್ದು ಎರಡನೇ ದಿನಕ್ಕೇ ಮುಗಿದಿತ್ತು. ಬೂದುಬಣ್ಣದ್ದು ಪೂರ್ತಿ ಸ್ವಚ್ಛ: ಯಾರೂ ಮುಟ್ಟಿಯೇ ಇಲ್ಲ.

(ನನ್ನ ಎರಡನೇ ಡ್ರಾಫ್ಟಿನಲ್ಲಿ ಕೊನೆಯ ಪುಟದವರೆಗೂ ಕೊಳೆಯಾದ ಪುಸ್ತಕವೊಂದು ಸಿಗುತ್ತಿತ್ತು. ಚೆಂದವಿತ್ತು. ಹೆಡ್ ನರ್ಸ್ ಒಪ್ಪಲಿಲ್ಲ.)

ಅವರು ಮೂರನ್ನೂ ಮೇಜಿನ ಮೇಲೆ ಹರಡಿಕೊಂಡು ಒಂದೇ ವಿಷಯ ಹುಡುಕತೊಡಗಿದರು. ಒಂದು ಗಂಟೆ ಹಿಡಿಯಿತು. ಮೊದಲೆರಡರಲ್ಲಿ ಬರೆದ ಪ್ರೋಗ್ರಾಮೆಲ್ಲ ಸಲೀಸಾಗಿ ಓಡುತ್ತಿತ್ತು, ತಪ್ಪಾದರೆ ಏನು ಗತಿ ಎಂಬ ಮಾತೇ ಇರಲಿಲ್ಲ. ಬೂದು ಪುಸ್ತಕದ ಐದನೇ ಪುಟದಲ್ಲಿ ಹೀಗಿತ್ತು: "ಈಗ ಬೇಕೆಂದೇ ಒಂದು ಆವರಣ ಚಿಹ್ನೆ ಬಿಟ್ಟುಬಿಡಿ. ಕಂಪ್ಯೂಟರ್ ಬೈಯುತ್ತದೆ. ಬೈಗುಳವನ್ನು ನಿಧಾನವಾಗಿ ಓದಿ. ತಪ್ಪು ಎಷ್ಟನೇ ಸಾಲಿನಲ್ಲಿದೆ ಎಂದು ಅದೇ ಹೇಳುತ್ತದೆ."

"ಇದು ಕೊಡಿ ಸರ್."

"ಯಾರೂ ಓದಿಲ್ವಲ್ಲ ಇದನ್ನ?"

"ಔಷಧಿ ಕೊಡೋಕೆ ಮುಂಚೆ ಅಡ್ಡಪರಿಣಾಮ ಏನು ಅಂತ ಕೇಳ್ಕೊಳ್ಳೋ ಕೆಲಸ ನಂದು. ಹೇಳಿದ್ದು ಇದೊಂದೇ."

4

ಕಲಿತರು. (ಐದು ವಾರವನ್ನು ಒಂದು ಕ್ರಿಯಾಪದದಲ್ಲಿ ಮುಗಿಸಿದೆ, ಕ್ಷಮಿಸಿ.) ಬೈಸಿಕೊಂಡರು, ಓದಿದರು, ತಿದ್ದಿದರು. ಮೊದಲ ಸಲ ಪರದೆ ಬೈಯದೆ ಸುಮ್ಮನಿದ್ದಾಗ, ಮತ್ತೇನೋ ಕೆಟ್ಟಿತೆಂದು ಹೆದರಿದರಂತೆ.

ಆರನೇ ಪಾಠದ ಅಭ್ಯಾಸ ಸರಳವಾದದ್ದು: ಒಂದು ಪಟ್ಟಿಯಲ್ಲಿ ಯಾವ ಪದ ಎಷ್ಟು ಸಲ ಬಂದಿದೆ ಎಣಿಸಬೇಕು. ಪುಸ್ತಕದ ಪಟ್ಟಿಯಲ್ಲಿ ಹಣ್ಣುಗಳ ಹೆಸರಿದ್ದವು. ಅವರಿಗೆ ಹಣ್ಣು ಬೇಸರ ತಂದಿತು. ಕಳೆದ ವರ್ಷದ ಡ್ಯೂಟಿ ರಿಜಿಸ್ಟರ್ ತಂದು, ಭಾನುವಾರದ ಹೆಸರುಗಳನ್ನೆಲ್ಲ ಟೈಪ್ ಮಾಡಿ, ಪ್ರೋಗ್ರಾಮ್ ಓಡಿಸಿ, ಬಂದ ಲೆಕ್ಕವನ್ನು ಹಾಳೆಯ ಮೇಲೆ ಪ್ರಿಂಟ್ ಮಾಡಿಕೊಂಡರು.

ಉಳಿದವರದ್ದು ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ತಂಗಿಯದ್ದು ಮೂವತ್ತೊಂದು.

ನಾನು ಇಲ್ಲಿ ಬೇರೆ ಮುಕ್ತಾಯ ಕೊಡಲು ಹೋದೆ. ಎಲ್ಲರದ್ದೂ ಸಮ ಬರಲಿ, ಅಕ್ಕ ಗೆಲ್ಲಲಿ. "ಸುಳ್ಳು" ಎಂದರು. ಹಾಗಾದರೆ ಕಾಗದ ಹರಿದು ಹಾಕಿ ಗುಟ್ಟಾಗಿ ಮುಂದಿನ ಪಟ್ಟಿ ಸರಿಪಡಿಸಿ ಎಂದೆ. ಅವರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಅವಳು ಯಾವತ್ತೂ ಇಲ್ಲ ಅಂದವಳಲ್ಲ," ಎಂದರು ಆಮೇಲೆ. "ಇಲ್ಲ ಅನ್ನದವರ ಹೆಸರೇ ಕೈಗೆ ಮೊದಲು ಬರುತ್ತೆ. ಬೇಕು ಅಂತ ಮಾಡ್ಲಿಲ್ಲ. ಆದ್ರೆ ಮಾಡಿದ್ದು ನಾನೇ ಅಲ್ವಾ?"

5

ಮಧ್ಯಾಹ್ನ ಅವರು ಆ ಹಾಳೆಯನ್ನು ಕಿಟಕಿ ಪಕ್ಕದ ಕುರ್ಚಿಯವರೆಗೆ ಒಯ್ದರು.

"ನೀನು ಹೇಳಿದ್ದೇ ನಿಜ. ನನ್ನದೇ ತಪ್ಪು."

ತಂಗಿ ಹಾಳೆ ನೋಡಿದಳು. ಕಣ್ಣು ತುಂಬಿಕೊಳ್ಳುತ್ತದೆ ಎಂದು ನಾನು ಬರೆದಿದ್ದೆ. ಅವಳು ಅದನ್ನು ಕಾಟು ಹೊಡೆದಳು.

"ಇದನ್ನ ಬರೆದಿದ್ದು ಯಾರು?"

"ನಾನೇ. ಪುಸ್ತಕ ನೋಡ್ಕೊಂಡು."

"ಅಂದ್ರೆ ಇದರಲ್ಲೂ ತಪ್ಪಿರಬಹುದು. ಮೂವತ್ತೊಂದು ಜಾಸ್ತಿ ಆಯ್ತು ಅನ್ಸುತ್ತೆ ಅಕ್ಕಾ. ಮೂವತ್ತೊಂದು ಭಾನುವಾರ ನಾನು ಸುಮ್ನಿದ್ದೆ ಅಂತ ನಂಬೋದು ಹೇಗೆ? ರಿಜಿಸ್ಟರ್ ತನ್ನಿ."

ತಂದರು. ತಂಗಿ ಓದುತ್ತಾ ಹೋದಳು, ಅಕ್ಕ ಗೀಟು ಎಳೆಯುತ್ತಾ ಹೋದರು. ಜನವರಿ ಮುಗಿಯಿತು, ಫೆಬ್ರವರಿ ಮುಗಿಯಿತು. ಲೆಕ್ಕ ತಾಳೆಯಾಗುತ್ತಲೇ ಇತ್ತು. ಮಾರ್ಚಿನ ಎರಡನೇ ಭಾನುವಾರದ ಮೇಲೆ ಯಾರೋ ಟೀ ಚೆಲ್ಲಿದ್ದರು.

"ಇಲ್ಲಿ ಹೆಸರೇ ಕಾಣಲ್ಲ. ನೀವು ಏನಂತ ಟೈಪ್ ಮಾಡಿದ್ರಿ?"

"ನಿನ್ನ ಹೆಸರು."

"ಯಾಕೆ?"

"ಕೈಗೆ ಮೊದಲು ಬಂದಿದ್ದು ಅದೇ ಕಣೇ." ಅಕ್ಕ ರಿಜಿಸ್ಟರನ್ನು ಅವಳತ್ತ ಸರಿಸಿದರು. ಆಣೆಗೂ, ಓದುಗರೇ, ಆ ಉತ್ತರ ನಾನು ಬರೆದದ್ದಲ್ಲ.

"ಬೆಳಕಿಗೆ ಹಿಡಿ," ಎಂದರು. "ನೋಡೋಣ."