ಗೋಂದಣ್ಣನ ಗಂಭೀರ ಓದು

ಪುಸ್ತಕದ ಬೆನ್ನು ಕಟ್ಟುವುದು ಗೋಂದಣ್ಣನ ಕಸುಬು. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವುದು ಹವ್ಯಾಸ. ಲೈಬ್ರರಿಯ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ರಟ್ಟು ಕತ್ತರಿಸಿ, ಹೊಲಿದು, ಗೋಂದು ಬಳಿದು ಈ ಹೆಸರನ್ನು ಅಂಟಿಸಿಕೊಂಡಿದ್ದ. ಯಾರ ದನಿಯನ್ನಾದರೂ ಅನುಕರಿಸಬಲ್ಲವನು. ಲೈಬ್ರರಿ ಮೇಡಂ ಸೀನುವ ಮೊದಲಿನ ಸದ್ದನ್ನು ಅವನು ಮಾಡಿದರೆ ಮೇಡಂ ತಾವೇ ಕರವಸ್ತ್ರ ಹುಡುಕುತ್ತಿದ್ದರು. ಹದಿನಾರರ ಮಗಳ ದನಿ ಮಾತ್ರ ಈಚೆಗೆ ಅವನಿಗೆ ಎಟುಕುತ್ತಿರಲಿಲ್ಲ. ಕೇಳಿಸಿದರೆ ತಾನೇ ಅನುಕರಿಸುವುದು? ಆರು ತಿಂಗಳಿಂದ ಅವಳದು ಬರೀ 'ಹೂಂ', 'ಉಹೂಂ'. ಮಿಕ್ಕ ಮಾತೆಲ್ಲ ಮಂಗಾ ಎಂಬ ಜಪಾನಿ ಚಿತ್ರಕಥೆಗಳೊಳಗೆ ಹೋಗಿ ಕೂತಿತ್ತು.

ಅವಳಿರುವಲ್ಲಿಗೆ ತಾನೇ ಹೋಗುವುದೆಂದು ತೀರ್ಮಾನಿಸಿ ಗೋಂದಣ್ಣ ಒಂದು ಪುಸ್ತಕ ಕೇಳಿದ. ಮಗಳು ಅನುಮಾನಿಸುತ್ತಲೇ ಫುಟ್‌ಬಾಲ್ ಕಥೆಯೊಂದನ್ನು ಕೊಟ್ಟಳು.

"ಈ ಕಡೆಯಿಂದ ಓದ್ಬೇಕಪ್ಪ. ಉಲ್ಟಾ."

ಗೋಂದಣ್ಣ ತಿರುವಿ ನೋಡಿದ. ಯಾವನೋ ಅರೆಬರೆ ಕಲಿತ ಬೈಂಡರ್ ಬೆನ್ನನ್ನು ಬಲಕ್ಕೆ ಕೂರಿಸಿಬಿಟ್ಟಿದ್ದಾನೆ! ಆದರೂ ವೃತ್ತಿಬಾಂಧವನ ಮಾನ ಕಾಯುವುದು ತನ್ನ ಧರ್ಮವೆಂದು ಬಾಯಿ ಬಿಡಲಿಲ್ಲ. ಹೇಳಿದಂತೆ ಓದಿ ಮುಗಿಸಿದ.

"ಪರವಾಗಿಲ್ಲ. ಸೋತ್ರು, ಅತ್ರು, ಓಡಿದ್ರು, ಗೆದ್ರು. ಸ್ವಲ್ಪ ತಲೆಗೆ ಕೆಲಸ ಕೊಡೋದು ಇಲ್ವಾ?"

"ಯಾರ ತಲೆಗೆ?" ಎಂದಳು ಮಗಳು.

ಮರುವಾರ ರಿಪೇರಿಗೆ ಬಂದ ರಾಶಿಯಲ್ಲಿ ಅಂಥದ್ದೊಂದು ಸಿಕ್ಕಿತು. ದಪ್ಪನೆಯ ಮಂಗಾ ಕೊಲೆಕಥೆ, ರಟ್ಟೆಲ್ಲ ಕಿತ್ತು ಬಂದಿತ್ತು. ಪುಟಸಂಖ್ಯೆಗಳು ಚಿತ್ರಗಳ ಕಪ್ಪಿನಲ್ಲಿ ಮುಳುಗಿದ್ದವು. ಇದರ ಬೆನ್ನೂ ಬಲಕ್ಕೆ! ಅದೇ ಆಸಾಮಿಯ ಕೈವಾಡವೆಂದು ಗೋಂದಣ್ಣ ಹಿಂದುಮುಂದು ನೋಡದೆ ಮುಂದಿನ ರಟ್ಟನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿದ. ಹೆಸರಿನ ಹಾಳೆಯನ್ನೂ ಕಿತ್ತು ಆ ಬದಿಗೆ ಅಂಟಿಸಿ 'ಸರಿಪಡಿಸಿ'ಬಿಟ್ಟ. ಗೋಂದು ಒಣಗುತ್ತಲೇ ಓದತೊಡಗಿದ.

ಆಹಾ, ಏನು ಆಳ! ಉತ್ತರ ಮೊದಲು, ಪ್ರಶ್ನೆ ಆಮೇಲೆ. ಶಿಕ್ಷೆ ಮುಗಿಸಿಕೊಂಡೇ ಮನುಷ್ಯ ಅಪರಾಧಕ್ಕೆ ಹೊರಡುತ್ತಾನೆ. ಹೆಣ ಎದ್ದು ಕೂತು ಕೊಲೆಗಾರನ ಕೈಕುಲುಕುತ್ತದೆ. ಪತ್ತೇದಾರನೋ, ಮೊದಲ ಪುಟದಲ್ಲೇ ಸರ್ವಜ್ಞ. ಒಂದೊಂದೇ ಸುಳಿವು ಮರೆಯುತ್ತ ಹೋಗಿ, ಕೊನೆಗೆ ಏನೂ ತಿಳಿಯದವನಾಗಿ ಕಿಟಕಿ ಪಕ್ಕ ಕೂತು ಚಹಾ ಕುಡಿಯುತ್ತಾನೆ. ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಅರ್ಥವಾಗದ್ದರಿಂದಲೇ ಇದು ತನ್ನ ಮಟ್ಟದ್ದು ಎಂದು ಗೋಂದಣ್ಣನಿಗೆ ಖಾತ್ರಿಯಾಯಿತು.

ಕಥೆಯ ಹೆಸರು ಹೇಳಿದ್ದೇ ತಡ, ಮಗಳ ಮುಖ ಅರಳಿತು. "ಅದು ನಂಗೆ ಎಲ್ಲದಕ್ಕಿಂತ ಇಷ್ಟ! ನಿಜವಾಗ್ಲೂ ಓದಿದ್ಯಾ? ಭಾನುವಾರ ನಮ್ಮ ಮಂಗಾ ಗುಂಪಲ್ಲಿ ಮಾತಾಡ್ತೀಯಾಪ್ಪ?"

ನೆಲಮಾಳಿಗೆಯವನನ್ನು ಒಮ್ಮೆಲೇ ಅಟ್ಟಕ್ಕೇರಿಸಿದಂತಾಯಿತು. ಭಾನುವಾರ ಮಾತು ಹತ್ತಿದರೆ ಮಗಳು ಮರಳಿ ಸಿಕ್ಕಂತೆ. ಕೆಟ್ಟರೆ ಇರುವ 'ಹೂಂ' ಕೂಡ ಹೋದಂತೆ.

ಲೈಬ್ರರಿಯ ಮೇಲಂತಸ್ತಿನಲ್ಲಿ ಹತ್ತು ಹನ್ನೆರಡು ಹುಡುಗ ಹುಡುಗಿಯರು ಸೇರಿದ್ದರು. ಮಗಳು ಮುಂದಿನ ಸಾಲಿನಲ್ಲಿದ್ದಳು. ಗೋಂದಣ್ಣ ಗಂಟಲನ್ನು ಪ್ರೊಫೆಸರರದ್ದು ಮಾಡಿಕೊಂಡ.

"ಜ್ಞಾನದಿಂದ ಅಜ್ಞಾನದತ್ತ ಪಯಣ! ಅದೇ ಈ ಕೃತಿಯ ತಿರುಳು. ಹೆಣ ಎದ್ದು ಕೈಕುಲುಕುವ ಆ ಪುಟವಿದೆಯಲ್ಲ, ಕ್ಷಮೆಯ ಪರಾಕಾಷ್ಠೆ!"

ಕನ್ನಡಕದ ಹುಡುಗಿ ಕೈಯೆತ್ತಿದಳು. "ಅಂಕಲ್, ಹೆಣ ಎಲ್ಲಿ ಏಳುತ್ತೆ?"

"ಮೇಲುಮೇಲೆ ಓದಿದ್ರೆ ಸಿಗಲ್ಲಮ್ಮಾ."

ಮಗಳು ಎದ್ದುಬಂದು ಪುಸ್ತಕ ತೆಗೆದುಕೊಂಡಳು. ನಾಲ್ಕು ಹಾಳೆ ಈ ಕಡೆಯಿಂದ, ನಾಲ್ಕು ಆ ಕಡೆಯಿಂದ ತಿರುವಿದಳು. "ಅಪ್ಪ, ಇದನ್ನ ಬೈಂಡ್ ಮಾಡಿದ್ದು ಯಾರು?"

"ನಾನೇ! ಉಲ್ಟಾ ಇತ್ತು, ಸರಿ ಮಾಡ್ದೆ."

"ಮಂಗಾ ಎಲ್ಲಾನೂ ಬಲದಿಂದ ಎಡಕ್ಕೇ ಇರೋದಪ್ಪ. ಎಲ್ಲಾನೂ."

ನಗು ಕಪಾಟುಗಳಿಗೆಲ್ಲ ಹೊಡೆದು ವಾಪಸ್ಸು ಬಂತು. ಮಗಳು ಮಾತ್ರ ನಗಲಿಲ್ಲ. ಕೆಂಪಗಾಗಿ ನಿಂತಿದ್ದಳು. ಪ್ರೊಫೆಸರರ ಗಂಟಲು ಎಲ್ಲೋ ಕಳೆದುಹೋಗಿತ್ತು.

"ತಪ್ಪು ನಂದೇ," ಎಂದ ತನ್ನ ಸ್ವಂತ ದನಿಯಲ್ಲಿ. "ಅರ್ಥ ಆಗ್ಲಿಲ್ಲ ಅನ್ನೋಕೆ ನಾಚಿಕೆಯಾಗಿ ಆಳ ಅಂದ್ಬಿಟ್ಟೆ. ಇವಳ ಜೊತೆ ಮಾತಾಡೋಕೆ ಏನಾದ್ರೂ ಒಂದು ಬೇಕಿತ್ತು."

ಮಗಳು ಪುಸ್ತಕ ಬಾಚಿಕೊಂಡು ದಡದಡನೆ ಮೆಟ್ಟಿಲಿಳಿದಳು. ಅವಳು ಮನೆಗೇ ಹೋದಳೆಂದುಕೊಂಡು ಗೋಂದಣ್ಣ ಕಾಲೆಳೆಯುತ್ತ ನೆಲಮಾಳಿಗೆಗೆ ಬಂದ. ಅವಳು ಅವನ ಮೇಜಿನೆದುರು ಕೂತು ರಟ್ಟು ಬಿಡಿಸುತ್ತಿದ್ದಳು.

"ಚಿತ್ರ ಹರೀದ ಹಾಗೆ ಹಾಳೆ ಬಿಡಿಸೋದು ಹೇಗಪ್ಪ?"

"ಒದ್ದೆ ಬಟ್ಟೆ ಒತ್ತಿ, ನೆನೆಯೋಕೆ ಬಿಡ್ಬೇಕು. ಸುಮಾರು ಹೊತ್ತು ಹಿಡಿಯುತ್ತೆ."

"ಹಿಡೀಲಿ. ಅಷ್ಟರಲ್ಲಿ ಸರಿಯಾದ ಕಥೆ ಹೇಳ್ತೀನಿ, ಕೇಳು. ಮೊದಲು ಆ ಪತ್ತೇದಾರ ಕಿಟಕಿ ಹತ್ರ ಕೂತಿರ್ತಾನೆ, ಅವನಿಗೆ ಏನೂ ಗೊತ್ತಿರಲ್ಲ..."

ಅವಳು ಹೇಳುತ್ತಲೇ ಹೋದಳು. ಕೊಲೆಗಾರ ಯಾರು, ಯಾವ ಚಿತ್ರದ ಮೂಲೆಯಲ್ಲಿ ಅವನ ನೆರಳಿದೆ, ತನಗೆ ಎಲ್ಲಿ ಅಳು ಬಂತು, ಎಲ್ಲವನ್ನೂ.

"ಹಾಗಾದ್ರೆ ಹೆಣ ಎದ್ದಿದ್ದಲ್ವಾ?"

"ಅಪ್ಪಾ! ಅವನು ಬಿದ್ದಿದ್ದು!" ಎಂದು ಮಗಳು ಮೇಜಿನ ಮೇಲೆ ತಲೆಯಿಟ್ಟು ನಕ್ಕಳು.

ಹಾಳೆ ಆಗಲೇ ನೆನೆದು ಬಿಟ್ಟುಕೊಂಡಿತ್ತು. ಗೋಂದಣ್ಣ ಕಾಣದವನಂತೆ ಬಟ್ಟೆಯನ್ನು ಇನ್ನೊಮ್ಮೆ ಅದ್ದಿ ಒತ್ತಿದ.

"ಇನ್ನೂ ಗಟ್ಟಿಯಾಗಿದೆ," ಎಂದ. "ನೀನು ಮುಂದೆ ಹೇಳು."