ನಡುವಿನ ಮನೆಯ ಫ್ಯಾನು

ನಾನು ಒಂದು ಟೇಬಲ್ ಫ್ಯಾನು. ಹುಟ್ಟಿದ ಊರು ನೆನಪಿಲ್ಲ. ಎಚ್ಚರವಾದಾಗ ಯಾರೋ ನನ್ನ ರೆಕ್ಕೆಗಳಿಗೆ ಹಸಿರು ಬಣ್ಣ ಬಳಿಯುತ್ತಿದ್ದರು. ಆಮೇಲೆ ಮೊದಲ ಸಲ ಕರೆಂಟು ಮೈಯೊಳಗೆ ಹೊಕ್ಕಿತು. ನನಗೆ ಅದು ಭಯವಾಗಿಯೇ ಬಂತು, ಗಡಗಡ ನಡುಗಿದೆ. ಆ ನಡುಕವನ್ನೇ ಜನ ಗಾಳಿ ಎಂದರು.

ಮೊದಲು ಗಂಗಾವತಿಯ ಒಂದು ಫೋಟೋ ಸ್ಟುಡಿಯೋದಲ್ಲಿದ್ದೆ. ಮದುಮಕ್ಕಳ ಬೆವರು ಆರಿಸುವುದು ನನ್ನ ಕೆಲಸ. ಸ್ಟುಡಿಯೋ ಮುಚ್ಚಿದ ಮೇಲೆ ಹಳೆ ಸಾಮಾನಿನ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದವನನ್ನು ಹುಲಿಗೆಮ್ಮ ಎತ್ತಿಕೊಂಡಳು. ಅವಳು ಭತ್ತದ ಗದ್ದೆಗೆ ಕೂಲಿಗೆ ಹೋಗುವವಳು. ಮಗಳು ದುರುಗಿಗೆ ಮೂರ್ಛೆರೋಗ. ಸೆಕೆ ಏರಿದರೆ ಅದು ಬರುತ್ತದೆಂದು ತಾಯಿಯ ನಂಬಿಕೆ.

ಆ ಕೇರಿಯ ಮನೆಗಳಲ್ಲಿ ಒಂದೊಂದೇ ಬಲ್ಬು. ಅದನ್ನು ಬಿಚ್ಚಿ ಹೋಲ್ಡರಿಗೆ ನನ್ನ ವೈರು ಸಿಕ್ಕಿಸಬೇಕು. ಗಾಳಿ ಬೇಕಾದರೆ ಬೆಳಕು ಬಿಡಬೇಕು. ದುರುಗಿ ನನ್ನ ಜಾಲರಿಗೆ ತನ್ನ ಜಡೆಯ ಕೆಂಪು ರಿಬ್ಬನ್ ಕಟ್ಟಿದಳು. ನಾನು ನೆಲದ ಮೇಲೆ ಕುಳಿತು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳ ತುಟಿ ಒಂದಿಷ್ಟು ವಾರೆಯಾದರೂ ನನ್ನ ಜೀವ ಹಾರುತ್ತಿತ್ತು.

ಪ್ರತಿ ಗುರುವಾರ ಬಡವರ ಕೇರಿಗಳಿಗೆಂದೇ ಸರ್ಕಾರದ ಪುಕ್ಕಟೆ ಔಷಧಿ ಗಾಡಿ ಬರುತ್ತಿತ್ತು. ಅದು ಕೊಡುವ ಗುಳಿಗೆಯಿಂದಲೇ ಹುಡುಗಿ ಆಡಿಕೊಂಡಿದ್ದಳು. ಒಮ್ಮೆ ಗಾಡಿಯ ನರ್ಸಮ್ಮ ದನಿ ತಗ್ಗಿಸಿದಳು: "ಸರ್ವೇದವ್ರು ಬರ್ತಾರ, ಹುಲಿಗೆಮ್ಮ. ನಿಮ್ಮ ಕೇರಿ ಗಳಿಕಿ ಬಡವರ ಗೆರಿ ದಾಟಿತಂದ್ರ ಈ ಗಾಡಿ ಬ್ಯಾರೆ ಊರಿಗೆ ಹೋಗತೈತಿ."

ಸರ್ವೇಯ ದಿನ ಬಂದಾಗ ಹುಲಿಗೆಮ್ಮ ಪಕ್ಕದ ಮನೆಯ ಮುದುಕಿ ಅಯ್ಯಮ್ಮನಿಗೆ ಹೇಳಿದಳು: "ಮೇಡಮ್ಮ ಬಿಸಲಾಗ ಬರ್ತಾಳ. ಗಾಳಿ ಇಲ್ದಂಗ ಕುಂದ್ರಸಿದ್ರ ಸಿಟ್ಟಿಗೇಳ್ತಾಳ."

"ನಮ್ಮ ಮನ್ಯಾಗ ಗಾಳಿ ಅಂದ್ರ ನನ್ನ ಗೊರಕಿ ಅಷ್ಟ, ನೋಡವ್ವ."

"ನನ್ನ ಫ್ಯಾನ್ ತಗೊಂಡು ಹೋಗಬೇ. ಒಳ್ಳೇದು ಬರಕೊಂಡು ಹೋಗ್ಲಿ."

ಬಂದವಳು ನಿರುಪಮಾ, ಪಟ್ಟಣದ ಹುಡುಗಿ. ಮುಖ ಕೆಂಪಾಗಿತ್ತು. ಅಯ್ಯಮ್ಮನ ಮನೆಯಲ್ಲಿ ನನ್ನೆದುರು ಕುಳಿತು ಸೆರಗು ಸಡಿಲಿಸಿದಳು.

"ತಿಂಗಳಿಗೆ ಎಷ್ಟು ಬರುತ್ತೆ, ಅಜ್ಜಿ?"

"ಬಂದಾಗ ಬರ್ತೈತ್ರಿ. ಬರದಾಗ ಬರಂಗಿಲ್ಲ."

"ಹೋಗ್ಲಿ, ಮನೆಯ ಸಾಮಾನು ನೋಡಿ ಅಂದಾಜು ಮಾಡ್ತೀವಿ. ಕಡಿಮೆ ಗಳಿಕೆಯ ಮನೆಯಿಂದ ಹೆಚ್ಚು ಗಳಿಕೆಯ ಮನೆವರೆಗೆ ಸಾಲಾಗಿ ಇಟ್ಟು, ನಟ್ಟನಡುವಿನ ಮನೆಯ ಗಳಿಕೆ ಎಷ್ಟೋ ಅಷ್ಟೇ ಇಡೀ ಕೇರಿಯ ಲೆಕ್ಕ."

ಅವಳ ಕಣ್ಣು ನನ್ನ ಮೇಲೆ ನಿಂತಿತು. "ಫ್ಯಾನ್ ಇದೆ," ಎಂದು ಗುರುತು ಹಾಕಿದಳು. ಒಂದೊಂದು ಗುರುತಿಗೂ ಕೇರಿಯ ಗಳಿಕೆ ಏರುತ್ತದೆಂದು ಹೊಳೆದು ನನ್ನೊಳಗಿನ ತಂತಿಯೆಲ್ಲ ತಣ್ಣಗಾಯಿತು.

ಅವಳು ಅಂಗಳದಲ್ಲಿ ಕೋಳಿಗಳ ವಿಚಾರ ಕೇಳುತ್ತಿರುವಾಗ ಹಿತ್ತಿಲ ಬಾಗಿಲಿಂದ ನನ್ನನ್ನು ಮುಂದಿನ ಮನೆಗೆ ಒಯ್ದರು. ಅಲ್ಲಿಂದ ಅದರಾಚೆಯ ಮನೆಗೆ. ಪ್ರತಿ ಮನೆಯಲ್ಲೂ ಅದೇ ಬೆವರಿದ ಮುಖ, ಅದೇ ಗುರುತು. ಅಲ್ಲ, ಅಲ್ಲ ಎಂದು ಎಡಕ್ಕೂ ಬಲಕ್ಕೂ ತಲೆಯಾಡಿಸಿದೆ. ಹಿಂದೆ ಹಿಂದೆಯೇ ಓಡಿ ಬರುತ್ತಿದ್ದ ದುರುಗಿ ಕಿಲಕಿಲ ನಕ್ಕಳು. "ಯವ್ವಾ, ಫ್ಯಾನ್ ನೋಡು, ಒಲ್ಲೆ ಒಲ್ಲೆ ಅಂತೈತಿ!"

"ಸುಮ್ನಿರ. ಮೇಡಮ್ಮಗ ಗಾಳಿ ತಪ್ಪತೈತಿ." ಹುಲಿಗೆಮ್ಮ ನನ್ನ ಬೆನ್ನ ಮೇಲಿನ ಗುಂಡಿಯನ್ನು ಮೇಲಕ್ಕೆಳೆದಳು. ಕುತ್ತಿಗೆ ಬಿಗಿಯಿತು. ಆಮೇಲೆ ಬೀಸುವುದಷ್ಟೇ ಉಳಿಯಿತು.

ಕೊನೆಗೆ ಹುಲಿಗೆಮ್ಮನ ಮನೆ. ನಿರುಪಮಾ ಬರೆಯಲು ಹೋಗಿ ತಡೆದಳು. ಕೆಂಪು ರಿಬ್ಬನ್ ಗಾಳಿಗೆ ಅವಳ ಕಡೆಗೇ ಹಾರುತ್ತಿತ್ತು.

"ಅಮ್ಮಾ, ಎಲ್ಲ ಮನೆಯಲ್ಲೂ ಇದ್ದದ್ದು ಇದೇ ಫ್ಯಾನ್ ಅಲ್ವಾ?"

ದನಿಯಲ್ಲಿ ಬೈಗುಳವಿರಲಿಲ್ಲ. ಹೇಳು ತಾಯಿ, ಹೂಂ ಅನ್ನು ಎಂದು ನಾನು ಒಳಗೇ ಕೂಗಿದೆ. ಆದರೆ ಬಾಗಿಲಲ್ಲಿ ಅಯ್ಯಮ್ಮ ತಲೆತಗ್ಗಿಸಿ ನಿಂತಿದ್ದಳು. ಅವಳ ಹಿಂದೆ ಉಳಿದವರು. ಹೂಂ ಎಂದರೆ ಸರ್ಕಾರದ ಮುಂದೆ ಅವರೆಲ್ಲ ಸುಳ್ಳುಗಾರರಾಗುತ್ತಾರೆ, ಅಕ್ಕಿಯ ಕಾರ್ಡೂ ಹೋಗುತ್ತದೆ ಎಂದು ಹುಲಿಗೆಮ್ಮ ಅಂದುಕೊಂಡಳೇನೋ.

"ಅಲ್ರಿ ಮೇಡಮ್ಮಾರ. ಎಲ್ಲಾರೂ ಒಂದ ಅಂಗಡ್ಯಾಗ ತಂದೀವ್ರಿ."

"ರಿಬ್ಬನ್ನೂ?"

ಹುಲಿಗೆಮ್ಮ ಹಾರುತ್ತಿದ್ದ ರಿಬ್ಬನ್ನನ್ನು ಹಿಡಿದುಕೊಂಡಳು.

"ರಿಬ್ಬನ್ನೂರಿ."

ನಿರುಪಮಾ ರಿಬ್ಬನ್ನಿನಿಂದ ಕಣ್ಣು ತೆಗೆದು ಕಾಗದ ನೋಡಿದಳು. ಈ ಮನೆಗೂ ಫ್ಯಾನ್ ಇದೆ ಎಂದು ಬರೆದುಕೊಂಡಳು.

ಆ ಬೇಸಿಗೆ ಮುಗಿಯುವ ಮೊದಲೇ ಒಂದು ಗುರುವಾರ ಗಾಡಿಯ ಹಾರನ್ ಕೇಳಲಿಲ್ಲ. ಮುಂದಿನ ಗುರುವಾರವೂ ಕೇಳಲಿಲ್ಲ. ಉಳಿದ ಗುಳಿಗೆಯನ್ನು ಹುಲಿಗೆಮ್ಮ ಅರ್ಧ ಮುರಿದು ಕೊಟ್ಟಳು. ಆಮೇಲೆ ಅದೂ ತೀರಿತು. ಒಂದು ಮಧ್ಯಾಹ್ನ ದುರುಗಿಯ ತುಟಿ ವಾರೆಯಾಯಿತು. ಹುಲಿಗೆಮ್ಮ ನನ್ನನ್ನು ಹೋಲ್ಡರಿಗೆ ಸಿಕ್ಕಿಸಿ ಮಗಳ ಮುಖದ ಮುಂದೆ ಇಟ್ಟಳು. ಇದ್ದ ಬದ್ದ ಶಕ್ತಿಯೆಲ್ಲ ಹಾಕಿ ಬೀಸಿದೆ. ಒಳಗೇನೋ ಸುಟ್ಟ ವಾಸನೆ ಬಂತು. ನಿಂತುಬಿಟ್ಟೆ. ಅವಳು ಮಗಳನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನ ದಾರಿ ಹಿಡಿದು ಓಡಿದಳು.

ಈಗ ನಾನು ಅಯ್ಯಮ್ಮ ಬಂದು ಸರಿಸಿಟ್ಟ ಮೂಲೆಯಲ್ಲಿದ್ದೇನೆ. ಬಣ್ಣ ಹೋಗಿದೆ, ಮೋಟಾರು ಸತ್ತಿದೆ. ಆ ಲೆಕ್ಕದ ನಟ್ಟನಡುವಿನ ಮನೆಯ ಬಗ್ಗೆ ಯೋಚಿಸುತ್ತೇನೆ. ಅಲ್ಲಿ ಬಲ್ಬೂ ಉರಿಯುತ್ತದೆ, ಫ್ಯಾನೂ ತಿರುಗುತ್ತದೆ, ಯಾರಿಗೂ ಗುಳಿಗೆ ಬೇಕಿಲ್ಲ. ಈ ಕೇರಿಯ ಎಲ್ಲ ಮನೆಗಳನ್ನೂ ಹೊಕ್ಕು ಬಂದವನು ನಾನು. ಅಂಥ ಮನೆ ಕಾಣಲಿಲ್ಲ.

ಬೆನ್ನ ಮೇಲಿನ ಗುಂಡಿಯನ್ನು ಯಾರೂ ಕೆಳಗೊತ್ತಿಲ್ಲ. ಕುತ್ತಿಗೆ ಬಾಗಿಲ ಕಡೆಗೇ ಬಿಗಿದಿದೆ, ಬೇರೆ ಕಡೆ ತಿರುಗಲಾರೆ. ಬಾಗಿಲಿಗೆ ಅಯ್ಯಮ್ಮ ಹೊರಗಿನಿಂದ ಚಿಲಕ ಹಾಕಿ ಹೋಗಿದ್ದಾಳೆ. ಸಂಜೆಯಾಗುತ್ತಿದೆ. ತಾಯಿ ಮಗಳಿಬ್ಬರೂ ಇನ್ನೂ ಬಂದಿಲ್ಲ.